ಹಗ್ಗದ ಕೊನೆಗೊಂದು ಗಂಟು

ಆಲೂಗಡ್ಡೆ ಅಗೆದು ಗುಂಡಿಗೆ ತುಂಬಿದ ಮೇಲೆ ನೇಪಾಳದ ಖುಂಬು ಸೀಮೆಯ ಹಳ್ಳಿಗಳಲ್ಲಿ ಚಳಿಗಾಲಕ್ಕೆ ಹೆಚ್ಚು ಕೆಲಸವಿರುವುದಿಲ್ಲ. ವಸಂತದಲ್ಲಿ ಪರ್ವತ ಹತ್ತುವವರು ಬರುತ್ತಾರೆ. ಆಗ ಹೊರೆ ಹೊರಲು ಎಲ್ಲರಿಗೂ ಬರುತ್ತದೆ, ಹಗ್ಗ ಹಿಡಿಯಲು ಬರುವವರು ಕೆಲವರೇ. ಅದಕ್ಕೇ ಟೆಂಡಿಯೂ ಅವನ ಹೆಂಡತಿ ನಿಮ್ದಿಕಿಯೂ ಆ ಜನವರಿಯಲ್ಲಿ ಮಂಜುಗಡ್ಡೆ ಹತ್ತುವ ತರಬೇತಿಗೆ ಸೇರಿದರು. ಊರ ಮೇಲಿನ ಹೆಪ್ಪುಗಟ್ಟಿದ ಜಲಪಾತವೇ ಪಾಠಶಾಲೆ. ಕಲಿಸುವವಳು ಪಕ್ಕದ ಮನೆಯ ಯಾಂಗ್ಜೋಮ್, ಹತ್ತು ವರ್ಷದಿಂದ ಪರ್ವತದ ಕೆಲಸದಲ್ಲಿದ್ದವಳು.

ಟೆಂಡಿಯ ತಾಯಿ ಸೋನಂ ಫುಟಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಟೆಂಡಿ ಎಳೆಗೂಸಾಗಿದ್ದಾಗ ಪರ್ವತಕ್ಕೆ ಹೋದ ಅವಳ ಗಂಡ ಮರಳಿರಲಿಲ್ಲ. ಹಗ್ಗ ಜಾರಿತು ಎಂದಷ್ಟೇ ಯಾರೋ ಬಂದು ಹೇಳಿದ್ದರು. "ಹಣೇಲಿ ಬರೆದಿದ್ರೆ ಯಾವ ಹಗ್ಗಾನೂ ತಡೆಯಲ್ಲ" ಎನ್ನುವುದು ಅವಳ ಮಾತು.

ಐದನೆಯ ದಿನ ತರಬೇತಿಗೆ ರಜೆ. ಟೆಂಡಿಗೆ ಸುಮ್ಮನಿರಲು ಆಗಲಿಲ್ಲ. ನೆಂಟರ ಮನೆಯಿಂದ ಹಗ್ಗ ಕೇಳಿ ತಂದು ಹೆಂಡತಿಯನ್ನೂ ಹೊರಡಿಸಿದ. ಬಳಸುದಾರಿಯಲ್ಲಿ ಜಲಪಾತದ ಮೇಲಕ್ಕೆ ಹೋಗಿ ಬಂಡೆಗೆ ಹೊಡೆದಿದ್ದ ಕೊಂಡಿಗೆ ಹಗ್ಗ ತೂರಿಸಿ ಬಂದ. ಜಲಪಾತದ ನಡುವೆ ಒಂದು ಹಿಮದ ದಿಣ್ಣೆಯಿದೆ. ಅಲ್ಲಿ ನಿಂತು ಒಂದು ತುದಿಯನ್ನು ತನ್ನ ಸೊಂಟಪಟ್ಟಿಗೆ ಕಟ್ಟಿಕೊಂಡ. ಇನ್ನೊಂದು ಎಳೆ ನಿಮ್ದಿಕಿಯ ಸೊಂಟದಲ್ಲಿದ್ದ, ಹಗ್ಗ ಜಾರದಂತೆ ಬಿಗಿಹಿಡಿಯುವ ತಡೆಕೊಂಡಿಯೊಳಗಿಂದ ಹಾದು ಅವಳ ಕೈಗೆ ಬಂದಿತ್ತು. ಮಿಕ್ಕ ಹಗ್ಗ ಅವಳ ಹಿಂದೆ ಹಿಮದಲ್ಲಿ ಬಿದ್ದಿತ್ತು. ಅದು ಎಷ್ಟು ಉದ್ದವಿದೆಯೆಂದು ಇಬ್ಬರೂ ನೋಡಲಿಲ್ಲ.

ಟೆಂಡಿ ಚೆನ್ನಾಗಿಯೇ ಹತ್ತಿದ. ಇಳಿಯುತ್ತಾ ದಿಣ್ಣೆಯ ಹತ್ತಿರ ಬಂದವನು, "ಇಲ್ಲಿ ನಿಲ್ಲಿಸ್ಬೇಡ. ಕೆಳಗಿನ ಕೊರಕಲವರೆಗೂ ಬಿಡು, ಅಲ್ಲಿಂದ ಹತ್ತಿ ನೋಡ್ತೀನಿ" ಎಂದ. ಅವಳು ಗಂಡನ ಮೇಲೆ ಕಣ್ಣಿಟ್ಟು ಹಗ್ಗ ಬಿಡುತ್ತಾ ಹೋದಳು. ನೋಡನೋಡುತ್ತಿದ್ದಂತೆ ಹಗ್ಗದ ತುದಿ ಅವಳ ಮುಷ್ಟಿಯಿಂದ ನುಸುಳಿ ತಡೆಕೊಂಡಿ ದಾಟಿ ಹೋಯಿತು. ಟೆಂಡಿ ಎರಡಾಳೆತ್ತರದಿಂದ ಬಿದ್ದ.

ಹಿಮ ಮೆತ್ತಗಿದ್ದುದರಿಂದ ಜೀವ ಉಳಿಯಿತು. ಪಾದದ ಮೂಳೆ ಮುರಿದಿತ್ತು. ಕೂಗು ಕೇಳಿ ಬಂದ ಯಾಕ್ ಮೇಯಿಸುವವರು ಹೊರೆಬುಟ್ಟಿ ಕೊಟ್ಟರು. ನಿಮ್ದಿಕಿ ಗಂಡನನ್ನು ಅದರಲ್ಲಿ ಕೂರಿಸಿ, ಬುಟ್ಟಿಯ ಪಟ್ಟಿಯನ್ನು ಹಣೆಗೆ ಕೊಟ್ಟು, ಯಾರ ಹೆಗಲಿಗೂ ಬಿಡದೆ ಎರಡು ತಾಸು ನಡೆದು ಆರೋಗ್ಯ ಕೇಂದ್ರ ಮುಟ್ಟಿಸಿದಳು.

ಮನೆಗೆ ಬಂದಾಗ ಅತ್ತೆ ಒಂದೇ ಮಾತು ಹೇಳಿದಳು. "ಕೈ ಬಿಟ್ಟೆಯಲ್ಲೇ."

ನಿಮ್ದಿಕಿ ಗಂಡನನ್ನು ಹಾಸಿಗೆಗೆ ಇಳಿಸಿದಳು. ಅವಳಿಗೂ ಹಾಗೆಯೇ ಅನ್ನಿಸಿತ್ತು. ತಪ್ಪು ನಂದು ಎಂದು ಟೆಂಡಿ ಎಷ್ಟು ಹೇಳಿದರೂ ಅವಳಿಗೆ ಅನ್ನ ಇಳಿಯಲಿಲ್ಲ.

ಮೂರನೆಯ ದಿನ ಯಾಂಗ್ಜೋಮ್ ಬಂದಳು. ಬೈಯಲಿಲ್ಲ. ಒಲೆಯ ಪಕ್ಕ ಕೂತು ಉಪ್ಪು ಚಹಾ ಕುಡಿದು, ಆ ದಿನ ನಿಮ್ದಿಕಿ ಹಾಕಿದ್ದ ಕೈಗವುಸು ತರಿಸಿದಳು. ಅದರ ಅಂಗೈ ತುಂಬ ಹಗ್ಗ ಉಜ್ಜಿದ ಕಪ್ಪು ಗೆರೆಯಿತ್ತು. ಅದನ್ನು ಸೋನಂ ಫುಟಿಯ ಮುಂದೆ ಹಿಡಿದಳು.

"ನೋಡಿ ಆಮಾ, ಕೈ ಬಿಟ್ಟೋಳ ಗವುಸು ಹೀಗಿರಲ್ಲ. ಇವಳು ಕೊನೇ ಗೇಣಿನವರೆಗೂ ಹಿಡಿದಿದ್ಲು. ಹಗ್ಗಾನೇ ಮುಗಿದುಹೋಯ್ತು. ಅದರ ತುದೀಲಿ ಗಂಟಿರಲಿಲ್ಲ."

ಮೂರು ದಿನದಿಂದ ತಡೆದಿದ್ದ ಅಳು ನಿಮ್ದಿಕಿಗೆ ಆಗ ಬಂತು.

ಸೋನಂ ಫುಟಿ ಅಷ್ಟು ಸುಲಭಕ್ಕೆ ಒಪ್ಪುವವಳಲ್ಲ. ಬಾಯಲ್ಲಿ ಯಾರು ಬೇಕಾದರೂ ಹೇಳುತ್ತಾರೆ ಎಂದಳು. ಯಾಂಗ್ಜೋಮ್ ತೊಲೆಯ ಮೇಲೆ ಹಗ್ಗ ಹಾಯಿಸಿ, ಒಂದು ತುದಿಗೆ ಆಲೂಗಡ್ಡೆ ಚೀಲ ಕಟ್ಟಿದಳು. ಇನ್ನೊಂದು ಎಳೆಯನ್ನು ತನ್ನ ತಡೆಕೊಂಡಿಯಲ್ಲಿ ಹಿಡಿದು, ನೆಲದಲ್ಲಿದ್ದ ಏಣಿಯ ಕಂಡಿಯಿಂದ ಚೀಲವನ್ನು ಮನೆಯ ಕೆಳಗಿನ ಕೊಟ್ಟಿಗೆಗೆ ಇಳಿಸಿದಳು. ಹಗ್ಗ ಮುಗಿಯಿತು, ಚೀಲ ದೊಪ್ಪನೆ ಬಿತ್ತು, ಕರು ಬೆಚ್ಚಿ ಕೂಗಿತು. ಬೀಜದ ಆಲೂಗಡ್ಡೆ ಜಜ್ಜಿ ಹಾಕಿದಳೆಂದು ಮುದುಕಿ ಗೊಣಗಿದಳು. ಎರಡನೆಯ ಸಲ ಯಾಂಗ್ಜೋಮ್ ತುದಿಗೊಂದು ಬಿಗಿ ಗಂಟು ಹಾಕಿ ಇಳಿಸಿದಳು. ಗಂಟು ಬಂದು ಕೊಂಡಿಗೆ ಕಚ್ಚಿಕೊಂಡಿತು. ಚೀಲ ನಡುವೆಯೇ ನಿಂತಿತು. ಮುದುಕಿ ಕೋಲಿನಿಂದ ತಳ್ಳಿದಳು, ತೂಗಾಡಿತೇ ಹೊರತು ಬೀಳಲಿಲ್ಲ.

"ಇಷ್ಟು ಸಣ್ಣ ಗಂಟಾ?" ಎಂದಳು. ಕೋಲು ಕೆಳಗಿಟ್ಟು, "ಟೆಂಡಿ ಅಪ್ಪನ ಹಗ್ಗ ಹೇಗೆ ಜಾರಿತು ಅಂತ ನಾನು ಯಾರನ್ನೂ ಕೇಳಲಿಲ್ಲ. ಹಣೆಬರಹ ಅಂದ್ಕೊಂಡೆ" ಎಂದಳು.

"ಅದು ನಂಗೂ ಗೊತ್ತಿಲ್ಲ ಆಮಾ. ಮುಂದಿನೋರಿಗೆ ಹಾಗಾಗದಂತೆ ನೋಡ್ಕೋಬಹುದು."

ಅಂದು ಯಾಂಗ್ಜೋಮ್ ಮಿಕ್ಕ ಪಾಠವನ್ನೂ ಮತ್ತೆ ಹೇಳಿದಳು. ಮಂಜುಗಡ್ಡೆಗೆಂದು ಬೂಟಿಗೆ ಕಟ್ಟುವ ಕಬ್ಬಿಣದ ಮುಳ್ಳಿನಿಂದ ಹಗ್ಗ ತುಳಿದರೆ ಹೊರಗೆ ಕಾಣದಿದ್ದರೂ ಒಳಗಿನ ನೂಲು ಹರಿದಿರಬಹುದು, ಪ್ರತಿ ಸಲ ಹಗ್ಗವನ್ನು ಉದ್ದಕ್ಕೂ ಬೆರಳಲ್ಲಿ ಸವರಿ ನೋಡಬೇಕು. ಮೆದುವಾದ ಕಡೆ ಸಿಕ್ಕರೆ ಆ ಹಗ್ಗದಲ್ಲಿ ಹತ್ತಲೇಬಾರದು. ನೆನೆದು ಹೆಪ್ಪುಗಟ್ಟಿದ ಹಗ್ಗ ಕೊಂಡಿಯಲ್ಲಿ ಸರಕ್ಕನೆ ಜಾರುತ್ತದೆ. ಕೆಳಗೆ ನಿಂತವರು ಮಂಜುಗಡ್ಡೆ ಉದುರುವ ಜಾಗದಿಂದ ಪಕ್ಕಕ್ಕಿರಬೇಕು, ತಡೆಯುವ ಕೈಯನ್ನು ಹಗ್ಗದಿಂದ ಎಂದೂ ತೆಗೆಯಬಾರದು. ಟೆಂಡಿ ಹಾಸಿಗೆಯಲ್ಲೇ ಕೂತು ಗಂಟು ಹಾಕಿ ಹಾಕಿ ಬಿಚ್ಚಿದ.

ಮರುವರ್ಷದ ಹೊತ್ತಿಗೆ ಅವನ ಕಾಲು ಕೂಡಿಕೊಂಡಿತ್ತು. ತರಬೇತಿ ಶುರುವಾದ ಬೆಳಿಗ್ಗೆ ಸೋನಂ ಫುಟಿ ಇಬ್ಬರಿಗೂ ಆಲೂ ರೊಟ್ಟಿ ಕಟ್ಟಿಕೊಟ್ಟು ಬಾಗಿಲವರೆಗೆ ಬಂದಳು. ಸೊಸೆಯ ಎರಡೂ ಕೈ ಹಿಡಿದುಕೊಂಡು ಹೇಳಿದಳು: "ನನ್ನ ಮಗನ ಹಗ್ಗ ನೀನೇ ಹಿಡಿ. ಬೇರೆಯವರಿಗೆ ಕೊಡ್ಬೇಡ."

ಹೊಸದಾಗಿ ಮಂಜುಗಡ್ಡೆ ಹತ್ತಲು ಹೊರಟ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಕಲಿಸುವವರಿಲ್ಲದೆ ನೀವಷ್ಟೇ ಹೋಗಬೇಡಿ. ಹತ್ತುವ ಮೊದಲು ಒಬ್ಬರ ಗಂಟು, ಸೊಂಟಪಟ್ಟಿ, ಕೊಂಡಿಯನ್ನು ಇನ್ನೊಬ್ಬರು ಮುಟ್ಟಿ ನೋಡಿ. ಹಗ್ಗದ ಕೊನೆಯಲ್ಲಿ ಗಂಟಿದೆಯೇ ಎಂದು ಬಾಯಿಬಿಟ್ಟು ಕೇಳಿ. ಕೇಳಲು ನಾಚಿಕೆ ಬೇಡ. ಮೇಲೆ ತೂಗುತ್ತಿರುವುದು ನಿಮ್ಮವರೇ ಒಬ್ಬರ ಜೀವ.