ಸರಪಳಿಯ ಇನ್ನೊಂದು ತುದಿ

ಸರ್ಕಾರ ಗಂಗಯ್ಯನಿಗೆ ಎರಡೆಕರೆ ಬೀಳುಭೂಮಿ ಮಂಜೂರು ಮಾಡಿ ಎರಡು ವರ್ಷವಾಗಿತ್ತು. ಕಾಗದ ಕೈಯಲ್ಲಿತ್ತು. ಭೂಮಿ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಗೊತ್ತುಮಾಡಲು ಅರವತ್ತೊಂದನೆಯ ಇಸವಿಯ ಕಾರ್ತಿಕದಲ್ಲಿ ಹಾಸನದಿಂದ ಸರ್ವೆಯರ್ ತಿಮ್ಮಪ್ಪ ಬಂದ. ಹೊಳೆನರಸೀಪುರದವರೆಗೆ ಬಸ್ಸು, ಅಲ್ಲಿಂದ ಬಾಡಿಗೆ ಸೈಕಲ್ಲು. ಮೂವತ್ತಮೂರು ಅಡಿಯ ಅಳತೆ ಸರಪಳಿಯನ್ನು ಗೋಣಿಚೀಲದಲ್ಲಿ ಸುತ್ತಿ ಹಿಂದೆ ಕಟ್ಟಿದ್ದ.

ಗಂಗಯ್ಯ ಊರಿನ ತೋಟಿ, ಐವತ್ತು ದಾಟಿದವನು. ಗಡಿಕಲ್ಲು ತೋರಿಸುವುದು, ಸರ್ವೆಗೆ ಬಂದವರ ಸರಪಳಿ ಎಳೆಯುವುದು ಅವನಪ್ಪನ ಕಾಲದಿಂದ ಬಂದ ಕೆಲಸ. ಯಾವ ಕಲ್ಲು ಯಾವ ಬೇಲಿಯ ಬುಡದಲ್ಲಿದೆ ಎಂದು ಮಲಗಿದ್ದಲ್ಲಿಂದಲೇ ಹೇಳುತ್ತಿದ್ದ. ಊರವರ ಹೊಲಗಳನ್ನೆಲ್ಲ ಅಳೆಸಿದವನು ತನ್ನದನ್ನು ಅಳೆಸಲು ಹೊರಟದ್ದು ಅದೇ ಮೊದಲು.

ಮೂರು ಊರುಗಳ ಗಡಿ ಸೇರುವಲ್ಲಿ ಒಂದು ಕಲ್ಲಿತ್ತು. ಸರ್ವೆ ಪುಸ್ತಕದ ಪ್ರಕಾರ ಅಲ್ಲಿಂದ ಬೆಳಗೊಳದ ಬೆಟ್ಟದ ಎಡಮಗ್ಗುಲಿಗೆ ಸರಿಯಾಗಿ ಅರವತ್ತನಾಲ್ಕು ಸರಪಳಿ ನಡೆದರೆ ಗಂಗಯ್ಯನ ಭೂಮಿಯ ಮೊದಲ ಮೂಲೆ. ತಿಮ್ಮಪ್ಪ ಕಲ್ಲಿನ ಮೇಲೆ ಮುಕ್ಕಾಲಿ ನಿಲ್ಲಿಸಿ ದಿಕ್ಸೂಚಿ ಇಟ್ಟ.

"ಕಬ್ಬಿಣದ್ದು ಏನಿದ್ರೂ ದೂರ ಇಡಿ. ಮುಳ್ಳು ಅತ್ತ ತಿರುಗುತ್ತೆ."

ಗಂಗಯ್ಯ ಮಚ್ಚನ್ನು ಬದುವಿನಾಚೆ ಇಟ್ಟು ಬಂದ. ಮುಳ್ಳು ನಿಂತಿತು. ಮೂರು ಬಾವುಟಗಳನ್ನು ಒಂದರ ಹಿಂದೆ ಒಂದು ಮರೆಯಾಗುವಂತೆ ನೆಟ್ಟರು. ದಿಕ್ಕು ಸಿಕ್ಕಿತು. ಇನ್ನು ದೂರ ಅಳೆಯಬೇಕು.

ತೊಂದರೆ ಶುರುವಾದದ್ದು ಅಲ್ಲಿ. ಸರಪಳಿಗೆ ಎರಡು ತುದಿ. ಮುಂದಿನದು ತೋಟಿಯ ಕೈಗೆ. ಹಿಂದಿನದನ್ನು ಹಿಡಿಯಲು ಊರಿನ ಪರವಾಗಿ ರಾಮಣ್ಣ ಬಂದಿದ್ದ. ಅವನು ನಂಜಪ್ಪನ ತಮ್ಮ. ನಂಜಪ್ಪ ಆ ಬೀಳಿನ ಪಕ್ಕದ ಹೊಲದವನು, ಊರಿನ ದೊಡ್ಡ ಕುಳ. ಗಂಗಯ್ಯನಂಥ ಕೇರಿಯವನು ಒಂದು ತುದಿ ಹಿಡಿದಿರುವಾಗ ಇನ್ನೊಂದು ತುದಿ ಹಿಡಿದರೆ ಕಬ್ಬಿಣದ ಗುಂಟ ಮೈಲಿಗೆ ಹರಿದು ಬರುತ್ತದೆ ಎಂಬುದು ಆ ಊರಿನ ನಂಬಿಕೆ. ಹಾಗಾಗಿ ರಾಮಣ್ಣ ತನ್ನ ತುದಿಯ ಬಳೆಯನ್ನು ಗುರುತಿನ ಮೇಲಿಟ್ಟು, ಅದರ ಮೇಲೊಂದು ಕಲ್ಲು ಹೇರಿ, ನಾಲ್ಕು ಹೆಜ್ಜೆ ದೂರ ನಿಲ್ಲುವನು. ಆಮೇಲೆ ಗಂಗಯ್ಯ ಮುಂದಿನ ತುದಿ ಎತ್ತಿ ನೆಲದ ಮೇಲೆ ಹಾಸುವನು. ಜೋರಾಗಿ ಎಳೆದರೆ ಹಿಂದಿನ ಕಲ್ಲು ಜಾರಿ ಬಳೆ ಕದಲುತ್ತಿತ್ತು. ಅದಕ್ಕೇ ಎಳೆಯುವಂತಿರಲಿಲ್ಲ. ಕೂಳೆ, ಕಲ್ಲು, ಗುಣಿಗಳ ಮೇಲೆ ಸರಪಳಿ ಹಾವಿನಂತೆ ಡೊಂಕಾಗಿ ಬಿದ್ದುಕೊಂಡಿತು. ಒಂದೊಂದು ಸಲವೂ ಒಂದಡಿಯಷ್ಟು ನೆಲ ಕಮ್ಮಿ ಸಿಗುತ್ತಿದ್ದುದು ಗಂಗಯ್ಯನ ಕಣ್ಣಿಗೆ ಕಾಣುತ್ತಿತ್ತು. ತಿಮ್ಮಪ್ಪ ಮುಂದೆ ಬಾವುಟದ ಹತ್ತಿರ ನಿಂತು ಸಾಲು ಮಾತ್ರ ನೋಡುತ್ತಿದ್ದ.

ಗಂಗಯ್ಯ ಸರಪಳಿಗೊಂದರಂತೆ ಮಡಿಲಿಗೆ ಕಲ್ಲು ಹಾಕಿಕೊಳ್ಳುತ್ತ ಹೋದ. ಬಾಯಿ ಬಿಡಲಿಲ್ಲ. ನಂಜಪ್ಪನ ಕಣದಲ್ಲಿ ಮೂವತ್ತು ವರ್ಷ ದುಡಿದ ಬಾಯಿ ಅದು.

ಅರವತ್ತನಾಲ್ಕನೆಯ ಸರಪಳಿ ಹಾಸುಬಂಡೆಯ ಮೇಲೆ ಮುಗಿಯಿತು. ಅಲ್ಲಿಂದ ಮುಂದಕ್ಕೆ ಎಂಟು, ಅಡ್ಡಕ್ಕೆ ಹತ್ತು ಸರಪಳಿ ಎಂದು ತಿಮ್ಮಪ್ಪ ಕೈಮಾಡಿ ತೋರಿಸಿದ. ಎಂಟೂ ಬಂಡೆ ಮತ್ತು ಗರಸು. ಬಂಡೆ ಮುಗಿದ ಕಡೆಯೇ ನಂಜಪ್ಪನ ರಾಗಿ ತೆನೆ ಬಾಗಿ ನಿಂತಿತ್ತು.

ಗಂಗಯ್ಯನ ಹೆಂಡತಿ ಮಾದಮ್ಮ ಬುತ್ತಿ ತಂದವಳು ಬಂಡೆಯನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟಳು.

"ಏನ್ ಸಾ, ಇದ್ರ ಮ್ಯಾಲೆ ರಾಗಿ ಬಿತ್ತದಾ, ಒಣಗಾಕದಾ?"

"ಅಳತೆ ತೋರಿಸಿದ ಕಡೆ ಕಲ್ಲು ಹಾಕ್ತೀನಮ್ಮ. ಬಂಡೆ ನಾನು ತಂದಿದ್ದಾ?"

ರಾಮಣ್ಣ ನಕ್ಕ. "ಬಟ್ಟೆ ಒಗೀಲಿ ಬುಡಿ ಸಾ. ಎರಡೆಕ್ರೆ ಒಗಿಯೋ ಕಲ್ಲು, ಹಾಸನದಾಗೂ ಯಾರಿಗೂ ಇಲ್ಲ."

ಮಾದಮ್ಮ ಗಂಡನ ಕಡೆ ತಿರುಗಿದಳು. "ನಿನ್ನ ಬಾಯ್ಗೇನ್ ಬಡ್ಕಂಡದೆ? ಊರ್ನೋರ್ ಕಲ್ಲೆಲ್ಲಾ ಗೊತ್ತು, ನಿಂದೆಲ್ಲದೆ ಅಂತ ಗೊತ್ತಿಲ್ವಾ?"

ನಂಜಪ್ಪ ಬದುವಿನ ಮೇಲೆ ಕೊಡೆ ಹಿಡಿದು ಕೂತಿದ್ದ. ಗಂಗಯ್ಯ ಒಮ್ಮೆ ಅವನನ್ನು ನೋಡಿದ, ಒಮ್ಮೆ ಬಂಡೆಯನ್ನು. ಈಗ ಸುಮ್ಮನಿದ್ದರೆ ಕಲ್ಲು ನೆಡುತ್ತಾರೆ. ನೆಟ್ಟ ಮೇಲೆ ಅವನ ಮೊಮ್ಮಕ್ಕಳ ಕಾಲಕ್ಕೂ ಅದು ಅಲ್ಲೇ.

"ಸಾ," ಎಂದ, "ದಾರೀಲಿ ಕಳ್ಳಿಬೇಲಿ ಬುಡದಾಗೆ ಒಂದು ಹಳೇ ಬಾಂದುಕಲ್ಲದೆ. ಅದು ಎಷ್ಟು ಸರಪಳಿಗೆ ಅಂತ ಬುಕ್ನಾಗೆ ವಸಿ ನೋಡಿ."

ತಿಮ್ಮಪ್ಪ ಹಾಳೆ ತಿರುವಿದ. "ಮೂವತ್ತೆರಡು."

"ನಾವು ಅಲ್ಲಿಗೆ ಬಂದಾಗ ಮೂವತ್ಮೂರಾಗಿತ್ತು ಸಾ. ಮಡ್ಲಾಗಿನ ಕಲ್ಲು ಎಣ್ಸಿವ್ನಿ."

ರಾಮಣ್ಣ ರೇಗಿದ. "ಇವ್ನ ಲೆಕ್ಕ ಕಟ್ಕಂಡು ಏನ್ ಸಾ? ಎಲ್ಲೋ ಒಂದು ಕಲ್ಲು ಜಾಸ್ತಿ ಹಾಕ್ಕಂಡವ್ನೆ."

ತಿಮ್ಮಪ್ಪ ಎಲ್ಲರನ್ನೂ ಕರೆದುಕೊಂಡು, ನೆಲದಲ್ಲಿ ಅಗೆದಿದ್ದ ಗುರುತುಗಳನ್ನು ಎಣಿಸುತ್ತ ಹಿಂದಕ್ಕೆ ನಡೆದು ಹೋಗಿ ಕಳ್ಳಿ ಸರಿಸಿ ನೋಡಿದ. ಕಲ್ಲಿತ್ತು, ತಲೆಯ ಮೇಲೆ ಕೊರೆದ ಗುರುತೂ ಇತ್ತು. ಮೂವತ್ಮೂರನೆಯ ಸರಪಳಿಗೆ ಅವರೇ ಅಗೆದಿದ್ದ ಗುರುತು ಅದರಿಂದ ಗೇಣು ದೂರದಲ್ಲಿತ್ತು. ಅವನ ಮುಖ ಸಪ್ಪಗಾಯಿತು. ಕಲ್ಲಂತೂ ನಡೆದು ಹೋಗುವುದಿಲ್ಲ.

"ಒಂದು ಸರಪಳಿ ಹೆಚ್ಚು ಹೆಂಗೆ ಬಂತಯ್ಯಾ?"

ಗಂಗಯ್ಯ ನೆಲ ನೋಡಿಕೊಂಡು ಹೇಳಿದ. "ಸರಪಳಿ ಬಿಗೀಲಿಲ್ಲ ಸಾ. ಇಂದ್ಗಡೆ ಯಾರೂ ಇಡ್ಕಳಲಿಲ್ಲ. ಅರ್ಧ ದಾರಿಗೆ ಒಂದು ಹೋದ್ರೆ ಪೂರಾ ದಾರಿಗೆ ಎರಡು. ನನ್ ಮೂಲೆ ಇನ್ನೂ ಎರಡು ಸರಪಳಿ ಮುಂದ್ಕದೆ."

ಎರಡು ಸರಪಳಿ ಅಗಲ, ಹತ್ತು ಸರಪಳಿ ಉದ್ದ: ಅರ್ಧ ಎಕರೆ. ಇಡೀ ಭೂಮಿ ಅಷ್ಟು ಮುಂದೆ ಸರಿದರೆ ಆ ಅರ್ಧ ಎಕರೆ ರಾಗಿ ಹೊಲದೊಳಗೆ ಬೀಳುತ್ತಿತ್ತು. ನೇಗಿಲು ಇಳಿಯುವ ಮಣ್ಣೆಂದರೆ ಅದೊಂದೇ. ಬದುವಿನಿಂದ ಎದ್ದು ಅವರ ಹಿಂದೆಯೇ ಬಂದಿದ್ದ ನಂಜಪ್ಪ ಗದರಿದ.

"ಲೇ ಗಂಗ, ಯಾರ ಹೊಲ ಅಂತ ಗೊತ್ತಾ ಅದು?"

"ಗೊತ್ತು ಬುದ್ಧಿ. ಸರ್ಕಾರದ ಬೀಳು. ನೀವು ಉತ್ತಿದ್ದು ನಾನೇ ಕಂಡಿವ್ನಿ. ನೇಗ್ಲು ಇಡ್ದಿದ್ದೂ ನಾನೇ."

ತಿಮ್ಮಪ್ಪ ಬಳೆಯೊಳಗೆ ಗೂಟ ಹೊಡೆಸಿ ನೋಡಿದ. ಗರಸು ನೆಲ, ಎಳೆದ ಕೂಡಲೇ ಗೂಟ ಕಿತ್ತು ಬಂತು. ಆಮೇಲೆ ರಾಮಣ್ಣನಿಗೆ ಹಿಡಿಯಲು ಹೇಳಿದ.

"ಸ್ನಾನ ಮಾಡ್ಕಂಡು ಬಂದಿವ್ನಿ ಸಾ, ಆಗಾಕಿಲ್ಲ."

"ಮುಟ್ಟಲ್ಲ ಅನ್ನೋದು ತಪ್ಪು ಅಂತ ಕಾನೂನು ಬಂದು ಆರು ವರ್ಷ ಆಯ್ತಲ್ರೀ."

"ಕಾನೂನು ಹಾಸನಕ್ಕೆ ಬಂದದೆ ಸಾ. ಇಲ್ಲಿಗೆ ಬಸ್ಸಿಲ್ಲ."

ಮಾದಮ್ಮ ಬುತ್ತಿ ಕೆಳಗಿಟ್ಟಳು. "ಕೊಡಿ ಅತ್ಲಾಗೆ, ನಾನೇ ಇಡ್ಕತೀನಿ."

"ಎರಡು ತುದೀನೂ ಗಂಡ ಹೆಂಡ್ತಿ ಕೈಗೆ ಕೊಟ್ರೆ ಅಳತೆಯಾ ಅದು?" ಎಂದ ನಂಜಪ್ಪ. ಅದು ನ್ಯಾಯದ ಮಾತೇ ಆಗಿತ್ತು. ಆಮೇಲೆ ದನಿ ತಗ್ಗಿಸಿದ. "ಸರ್ವೆಯರ್ರೇ, ನಮ್ಮ ಪೈಕಿಯೋರು ನೀವು. ಮನೇಲಿ ಅಡಿಗೆ ಆಗಿ ಕಾಯ್ತಾ ಅದೆ. ಬಂಡೆ ಮ್ಯಾಲೇ ಕಲ್ಲಾಕ್ಬುಟ್ಟು ಉಣ್ಣಾಕ್ ಬನ್ನಿ. ಇಲ್ಲ, ಆ ಸರಪಳಿ ಮುಟ್ಟಿದ್ರೆ ನಮ್ಮ ಬಾಗ್ಲು ದಾಟಂಗಿಲ್ಲ."

ತಿಮ್ಮಪ್ಪ ಧೈರ್ಯವಂತನೇನೂ ಅಲ್ಲ. ಆದರೆ ಆ ಬಾಂದುಕಲ್ಲು ಪುಸ್ತಕದಲ್ಲಿತ್ತು. ಕೆಳಗೆ ತನ್ನ ರುಜು ಬೀಳಬೇಕಿತ್ತು. ಸುಳ್ಳೆಂದು ಗೊತ್ತಿದ್ದ ಗುರುತಿಗೆ ಅವನು ಅದುವರೆಗೆ ರುಜು ಹಾಕಿರಲಿಲ್ಲ. ಒಂದು ನಿಮಿಷ ಪುಸ್ತಕ ನೋಡುತ್ತ ನಿಂತವನು ಅದನ್ನು ಮುಚ್ಚಿ ಕಂಕುಳಿಗೆ ಸಿಕ್ಕಿಸಿದ. ಷರಟಿನ ತೋಳು ಮಡಿಸಿ ಬಾಂದುಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತ. ಬಳೆಯನ್ನು ಗುರುತಿಗೆ ಒತ್ತಿ ಹಿಡಿದ.

"ಎಳಿ," ಎಂದ.

ಗಂಗಯ್ಯನಿಗೆ ಮೊದಲು ಕೈ ಬರಲಿಲ್ಲ. ಆ ತುದಿಯಲ್ಲಿ ಮನುಷ್ಯನೊಬ್ಬ ಹಿಡಿದಿರುವ ಸರಪಳಿಯನ್ನು ಅವನು ಎಂದೂ ಎಳೆದವನಲ್ಲ.

"ಎಳಿಯಯ್ಯಾ! ನಿನ್ನ ಭೂಮಿ ತಾನೇ?"

ಎಳೆದ. ಕೂಳೆಯ ಮೇಲಿಂದ ಸರಪಳಿ ಎದ್ದು ನೆಟ್ಟಗಾಯಿತು. ತಿಮ್ಮಪ್ಪ ಮುಗ್ಗರಿಸುವಂತಾಗಿ ಹಿಮ್ಮಡಿ ಊರಿದ. ಮೂವತ್ತೆರಡು ಸಲ ಹಾಗೇ. ರಾಮಣ್ಣ ಪಕ್ಕದಲ್ಲೇ ನಡೆಯುತ್ತ, ಮೋಸವಾದೀತೆಂದು ಜೋರಾಗಿ ಎಣಿಸಿದ. ಹಳೆಯ ಗುರುತು ದಾಟಿ ಎರಡು ಸರಪಳಿ ಮುಂದೆ, ಬಂಡೆಯ ಮೇಲೆಯೇ, ಮೊದಲ ಮೂಲೆ ಬಿತ್ತು. ಅಲ್ಲಿಂದ ಎಂಟು ಸರಪಳಿಗೆ ಎರಡನೆಯದು: ರಾಗಿಯೊಳಗೆ.

"ಈ ಸಲದ ಫಸಲು ನೀವು ಕುಯ್ಕೊಳ್ಳಿ," ಎಂದ ತಿಮ್ಮಪ್ಪ ನಂಜಪ್ಪನಿಗೆ. "ಭೂಮಿ ಅವನದು. ತಕರಾರಿದ್ರೆ ಹಾಸನಕ್ಕೆ ಅರ್ಜಿ ಹಾಕಿ."

ನಂಜಪ್ಪ ಕೊಡೆ ಮಡಿಸಿದ. ಗಂಗಯ್ಯನಿಗೆ ಹೇಳಿದ, "ನಾಳೆಯಿಂದ ನಮ್ಮ ಕಣದ ಕಡೆ ತಲೆ ಹಾಕ್ಬೇಡ." ಅಣ್ಣ ತಮ್ಮ ಹೊರಟುಹೋದರು.

ಕಲ್ಲು ನೆಡುವಷ್ಟರಲ್ಲಿ ಹೊತ್ತು ಇಳಿದಿತ್ತು. ತಿಮ್ಮಪ್ಪನ ಹೊಟ್ಟೆ ಕೂಗುವುದು ಕೇಳಿಸುತ್ತಿತ್ತು. ಮಾದಮ್ಮ ಬುತ್ತಿ ಬಿಚ್ಚಿ ಮುದ್ದೆಯನ್ನು ಮುಂದಿಟ್ಟಳು. ಅವನು ನೋಡಿದ, ಗಡಿಯಾರ ನೋಡಿಕೊಂಡ, ಹಸಿವಿಲ್ಲ ಎಂದ. ಸರಪಳಿ ಸುತ್ತಿಕೊಂಡು ಸೈಕಲ್ ಹತ್ತಿದ.

"ಸರಪಳಿ ಮುಟ್ಟಿದ, ಮುದ್ದೆ ಮುಟ್ಲಿಲ್ಲ," ಎಂದಳು ಮಾದಮ್ಮ.

"ಮುಟ್ಟಿದ್ದಷ್ಟೇ ಸಾಕು ಕಣಮ್ಮಿ. ಬಾ ಇಲ್ಲಿ, ಕಲ್ಲು ಅಲ್ಲಾಡ್ತದಾ ನೋಡು."

ಅವಳು ಎರಡೂ ಕೈಯಿಂದ ದಬ್ಬಿದಳು. ಕಲ್ಲು ಚೂರು ಅಲ್ಲಾಡಿತು. ಗಂಗಯ್ಯ ಮತ್ತೆರಡು ಹಿಡಿ ಜಲ್ಲಿ ಸುರಿದು, ಹಾರೆಯ ಬುಡದಿಂದ ಸುತ್ತ ದಮ್ಮಸ್ಸು ಮಾಡತೊಡಗಿದ.