ಆನಿ ಹೆದರಿದ್ದಳಂತೆ

ದೊಡ್ಡ ಪರದೆಯ ಮೇಲೆ ಗಂಡ ಬೊನಿಫಾಸ್ ಕಾಣಿಸಿಕೊಂಡಾಗ ಆನಿಗೆ ಮೊದಲು ಬಂದದ್ದು ನಗು. ಗೋವೆಯಲ್ಲಿ ದೊಡ್ಡಪ್ಪನ ಮಗನ ಮನೆಯ ಗೃಹಪ್ರವೇಶ, ಹೋಗಿ ಬರ್ತೇನೆ ಎಂದು ಹೇಳಿ ಹೊರಟ ಮನುಷ್ಯ ಮುಂಬಯಿಯ ಸ್ಟುಡಿಯೋದಲ್ಲಿ ಹೊಸ ನೀಲಿ ಕೋಟು ತೊಟ್ಟು ನಿಂತಿದ್ದ. ಮಂಗಳೂರಿನ ಮಣ್ಣಗುಡ್ಡದ ಅವರ ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಸೇರಿದ್ದ ನೆರೆಹೊರೆಯವರೆಲ್ಲ ಹೋ ಎಂದು ಕೂಗಿದರು. ಹಾಡಿನ ಸ್ಪರ್ಧೆಯ ವೇದಿಕೆಯ ಮೇಲಿದ್ದ ಮಗಳು ಏವ್ರಿಲ್ ಬಾಯಿಯ ಮೇಲೆ ಕೈ ಇಟ್ಟುಕೊಂಡು ಆಶ್ಚರ್ಯಪಟ್ಟಳು.

ನಿರೂಪಕ ಮೈಕು ಕೊಟ್ಟ. ಬೊನಿಫಾಸ್ ಕುವೈತಿನಲ್ಲಿ ಕಲಿತ ತನ್ನ ಹಿಂದಿಯಲ್ಲಿ ಮಾತಾಡತೊಡಗಿದ.

"ನನ್ನ ಹೆಂಡತಿಗೂ ಒಂದು ಕಾಲದಲ್ಲಿ ಇದೇ ವೇದಿಕೆಯಿಂದ ಕರೆ ಬಂದಿತ್ತು. ಆದರೆ ಅವಳು ಹೆದರಿದಳು. ಮಗಳಿಗೂ ಬೇಡ ಎಂದಳು. ನಾನು ಹೇಳಿದೆ, ಈ ಮನೆಯಲ್ಲಿ ಒಬ್ಬಳ ಹಾಡು ನಿಂತದ್ದು ಸಾಕು, ಇವಳು ಹಾಡಲಿ ಎಂದು." ಅಷ್ಟು ಹೇಳಿ ಅವನು ಅತ್ತ. ಏವ್ರಿಲ್ ಓಡಿ ಬಂದು ಅಪ್ಪನನ್ನು ತಬ್ಬಿಕೊಂಡಳು. ತೀರ್ಪುಗಾರರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆನಿಯ ಮುಖದ ನಗು ಇಳಿಯಲಿಲ್ಲ. ಇಳಿಸುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಎದುರಿನ ಫ್ಲ್ಯಾಟಿನ ಸ್ನೇಹಲತಾ ಬಂದು ಭುಜದ ಮೇಲೆ ಕೈ ಇಟ್ಟರು. "ನೀವು ಇಷ್ಟು ಹೆದರುವವರು ಅಂತ ನಮಗೆ ಗೊತ್ತೇ ಇರ್ಲಿಲ್ಲ ಮಾರಾಯ್ರೆ. ಹೋಗ್ಲಿ, ಈಗ ಎಲ್ಲ ಸರಿ ಆಯ್ತಲ್ಲ!"

ಆನಿ ತಲೆಯಾಡಿಸಿದಳು.

'ಭಾರತ ಸ್ವರ' ಅವಳ ಪಾಲಿಗೆ ನಿನ್ನೆ ಮೊನ್ನೆಯ ಕಾರ್ಯಕ್ರಮವಲ್ಲ. ದೇಶಕ್ಕೆಲ್ಲ ಒಂದೇ ಚಾನೆಲ್ ಇದ್ದ ಕಾಲದಲ್ಲಿ ಶುರುವಾದ ಸ್ಪರ್ಧೆ ಅದು. ಪ್ರತಿ ರಾಜ್ಯದಿಂದ ಒಂದು ಹೊಸ ಹಾಡು, ಅಲ್ಲಿಯದೇ ಭಾಷೆಯಲ್ಲಿ. ನೋಡುವವರು ಪೋಸ್ಟ್‌ಕಾರ್ಡಿನಲ್ಲಿ ಮತ ಹಾಕಬೇಕು. ಆಗ ಆನಿಯ ತವರು ಕುದ್ರೋಳಿಯಲ್ಲಿ. ಆ ಓಣಿಗೆಲ್ಲ ಟೀವಿ ಇದ್ದದ್ದು ಹಬೀಬಾಳ ಮನೆಯಲ್ಲಿ ಮಾತ್ರ. ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಬಂದ ಆನಿ ಅಲ್ಲಿ ಗೆಳತಿಯ ಪಕ್ಕ ಚಾಪೆಯ ಮೇಲೆ ಕೂರುತ್ತಿದ್ದಳು. ಕಿಟಕಿಯ ಹೊರಗೂ ಜನ. ಮಣಿಪುರದ, ಕಾಶ್ಮೀರದ ಹಾಡುಗಳನ್ನು ಅರ್ಥ ಗೊತ್ತಿಲ್ಲದೆಯೂ ಓಣಿಯ ಮಕ್ಕಳು ವಾರವಿಡೀ ಗುನುಗುತ್ತಿದ್ದರು. ಒಮ್ಮೆ ಯಾವುದೋ ಅಸ್ಸಾಮಿನ ಹುಡುಗಿ ಸೋತಳೆಂದು ಹಬೀಬಾಳ ತಾಯಿ ಊಟ ಬಿಟ್ಟಿದ್ದರು.

ಮುಂದೆ ಅದನ್ನು ಖಾಸಗಿ ಚಾನೆಲ್ಲೊಂದು ಕೊಂಡುಕೊಂಡಿತು. ಪೋಸ್ಟ್‌ಕಾರ್ಡು ಹೋಗಿ ಎಸ್ಸೆಮ್ಮೆಸ್ ಬಂತು, ಅದೂ ಹೋಗಿ ಆ್ಯಪ್ ಬಂತು. ಮಂಗಳೂರಿನ ಗಲ್ಲಿಗಲ್ಲಿಗಳಲ್ಲಿ ಹಾಡಿನ ಕ್ಲಾಸುಗಳು ಹುಟ್ಟಿಕೊಂಡವು. ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರ, ಮದುವೆ ಎಲ್ಲಿಯೇ ಆಗಲಿ, ಕಾರ್ಯಕ್ರಮ ನಡೆಸುವವರು ಟೀವಿಯ ನಿರೂಪಕನಂತೆ ಮಾತಾಡಲು ಕಲಿತರು. ಆನಿ ಮನೆಯಲ್ಲಿ ನಡೆಸುತ್ತಿದ್ದ ಕ್ಲಾಸಿಗೂ ಮಕ್ಕಳು ತುಂಬಿದ್ದು ಅದರಿಂದಲೇ. ಆದರೆ ಸ್ವರ ಸೇರುವ ಮೊದಲೇ ಕಣ್ಣು ಮುಚ್ಚಿ ಕೈ ಎತ್ತುವುದನ್ನು ಕಲಿತು ಬರುತ್ತಿದ್ದ ಮಕ್ಕಳನ್ನು ತಿದ್ದುವುದರಲ್ಲೇ ಅವಳ ಅರ್ಧ ಹೊತ್ತು ಹೋಗುತ್ತಿತ್ತು.

ಕರೆ ಬಂದದ್ದು ನಿಜ. ತೊಂಬತ್ತೈದರಲ್ಲಿ ಆನಿ ಮತ್ತು ಹಬೀಬಾ ಸೇರಿ, ಆನಿಯೇ ರಾಗ ಹಾಕಿದ ಒಂದು ಕೊಂಕಣಿ ಹಾಡನ್ನು ಕ್ಯಾಸೆಟ್ಟಿನಲ್ಲಿ ತುಂಬಿಸಿ ಕಳಿಸಿದ್ದರು. ರಾಜ್ಯದಿಂದ ಅದೇ ಆಯ್ಕೆಯಾಯಿತು, ದಿಲ್ಲಿಗೆ ಹೋಗಬೇಕಿತ್ತು. ಅಷ್ಟರಲ್ಲಿ ಕುವೈತಿನಿಂದ ರಜೆಯಲ್ಲಿ ಬಂದಿದ್ದ ಬೊನಿಫಾಸ್‌ನೊಂದಿಗೆ ಅವಳ ಮದುವೆ ಗೊತ್ತಾಗಿತ್ತು. ಸುದ್ದಿ ಕೇಳಿ ಅವನು ಕುದ್ರೋಳಿಗೆ ಬಂದ. ಹಬೀಬಾಳ ಮನೆಯ ಜಗಲಿಯಲ್ಲಿ ನಿಂತು, ಕೊಟ್ಟ ಚಹಾ ಕುಡಿದು, "ಟೀವಿಯಲ್ಲಿ ಕುಣಿಯುವವಳು ನಮ್ಮ ಮನೆಗೆ ಆಗುವುದಿಲ್ಲ. ಡೆಲ್ಲಿ ಬೇಕಾ, ಮದುವೆ ಬೇಕಾ, ನೀನೇ ಹೇಳು" ಎಂದ. ಆನಿಯ ಅಪ್ಪ ಹಾಸಿಗೆ ಹಿಡಿದಿದ್ದರು, ಬೆನ್ನಿಗೆ ಇಬ್ಬರು ತಂಗಿಯರಿದ್ದರು. ಬರಲಾಗುವುದಿಲ್ಲ ಎಂದು ಅವಳು ತಂತಿ ಕಳಿಸಿದಳು.

ಇದನ್ನೆಲ್ಲ ಅವಳು ಏವ್ರಿಲ್‌ಗೆ ಹೇಳಿದ್ದಳು. ಮಗಳು ಕಾಲೇಜಿಗೆ ಸೇರಿದ ವರ್ಷ, ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ, ಗೆಳತಿಗೆ ಹೇಳಿದ ಹಾಗೆ. ಕೇಳಿ ಏವ್ರಿಲ್ ಅತ್ತಿದ್ದಳು. ಆಮೇಲೆ ಮಗಳು ಆಡಿಷನ್‌ಗೆ ಹೊರಟಾಗ "ಅದೆಲ್ಲ ಆ್ಯಕ್ಟಿಂಗ್, ಡಿಗ್ರಿ ಮುಗಿಸಿ ದುಬೈಗೆ ಹೋಗಲಿ" ಎಂದು ಪೇಪರಿನಿಂದ ತಲೆ ಎತ್ತದೆ ಹೇಳಿದವನು ಬೊನಿಫಾಸ್. ಬೆಂಗಳೂರಿನ ಬಸ್ಸಿನಲ್ಲಿ ಮಗಳ ಪಕ್ಕ ಕೂತು ಹೋದವಳು ಆನಿ.

ಮರುದಿನ ಏವ್ರಿಲ್ ಫೋನ್ ಮಾಡಿದಳು.

"ಮಮ್ಮಿ, ಸಿಟ್ಟಾ?"

"ಡ್ಯಾಡಿ ಬರುವುದು ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು. ರಿಹರ್ಸಲ್ ಮಾಡಿಸಿದ್ರು." ಏವ್ರಿಲ್ ತಗ್ಗಿದ ದನಿಯಲ್ಲಿ ಗಡಿಬಿಡಿಯಿಂದ ಹೇಳಿದಳು. "ಇಲ್ಲಿ ಹಾಡು ಆಮೇಲೆ ಮಮ್ಮಿ, ಮೊದಲು ಕೇಳುವುದೇ ಸ್ಟೋರಿ ಎಂತ ಉಂಟು ಅಂತ. ಒಬ್ಬನಿಗೆ ಅಪ್ಪ ಇಲ್ಲ, ಇನ್ನೊಬ್ಬಳ ಮನೆ ನೆರೆಯಲ್ಲಿ ಹೋಗಿದೆ. ನನ್ನ ಹತ್ರ ಎಂತ ಉಂಟು? ಅದಕ್ಕೆ ನಿನ್ನದು ಹೇಳಿದೆ."

"ನನ್ನದು ಹೇಳಿದ್ದಾದ್ರೆ, ನಿಲ್ಲಿಸಿದ್ದು ಯಾರು ಅಂತ ಹೇಳ್ಲಿಲ್ಲವಾ?"

"ಹೇಳಿದೆ. ಅಪ್ಪ ಕೆಟ್ಟವ ಅಂತಾದ್ರೆ ಜನ ಮುಖ ತಿರುಗಿಸ್ತಾರೆ, ಅಪ್ಪ ಅತ್ತರೆ ವೋಟು ಬರ್ತದೆ ಅಂತ ಅವರೇ ಬದಲಾಯಿಸಿದ್ರು."

"ನೀನು ಎಂತ ಹೇಳಿದ್ದು ಅದಕ್ಕೆ?"

ಆ ಕಡೆ ಯಾರೋ ತಬಲಾ ಶ್ರುತಿ ಮಾಡುತ್ತಿದ್ದುದು ಕೇಳಿಸಿತು. "ಬರೀ ಟೀವಿ ಅಲ್ವಾ ಮಮ್ಮಿ" ಎಂದಳು ಏವ್ರಿಲ್.

ಹಬೀಬಾ ರಿಕ್ಷಾ ಮಾಡಿಕೊಂಡು ಕುದ್ರೋಳಿಯಿಂದ ಬಂದವಳು ಬಾಗಿಲಲ್ಲೇ ಶುರುಮಾಡಿದಳು. "ನಮ್ಮ ಜಗಲಿಯಲ್ಲಿ ನಿಂತು ಅವ ಹೇಳಿದ್ದು ನನ್ನ ಕಿವಿಯಲ್ಲಿ ಉಂಟು. ಚಾ ಕೊಟ್ಟದ್ದು ನಾನು! ನಾನು ಹೇಳ್ತೇನೆ, ಫೇಸ್‌ಬುಕ್ಕಲ್ಲಿ ಹಾಕ್ಲಿಕ್ಕೆ ಹೇಳ್ತೇನೆ ಮಗನತ್ರ."

"ಬೇಡ ಹಬೀಬಾ. ಮಗಳ ವೋಟು ಹೋಗ್ತದೆ."

ಹಬೀಬಾ ಅವಳನ್ನು ನೋಡುತ್ತಲೇ ಇದ್ದಳು. ಆ ನೋಟವನ್ನು ತಡೆಯಲಾರದೆ ಆನಿ ನೀರು ತರುವ ನೆಪದಲ್ಲಿ ಒಳಗೆ ಹೋದಳು.

ಬೊನಿಫಾಸ್ ಬಂದದ್ದು ಸಿಹಿಯ ಡಬ್ಬಿ ಹಿಡಿದುಕೊಂಡು. "ಹೇಳಬಾರದು ಅಂತ ಸಹಿ ಹಾಕಿಸಿಕೊಂಡಿದ್ದಾರೆ, ಹಾಗೆ ಗೋವೆ ಅಂದದ್ದು" ಎಂದು ಶೂ ಬಿಚ್ಚುತ್ತ ಹೇಳಿದ.

"ನಾನು ಹೆದರಿದ್ದಾ ಆಗ?" ಆನಿ ಕೇಳಿದಳು.

"ಸ್ವಲ್ಪ ಹೆದರಿಕೆ ಇತ್ತಲ್ಲ ನಿನಗೆ."

"ಹಬೀಬಾಳ ಜಗಲಿಯಲ್ಲಿ ನೀವು ಎಂತ ಹೇಳಿದ್ದು?"

ಅವನು ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡಿದ. "ಯಾರ ಜಗಲಿ? ಡೆಲ್ಲಿಗೆ ಬೇಡ ಅಂತ ತಂತಿ ಕಳಿಸಿದ್ದು ನೀನೇ ಅಲ್ವಾ? ನನಗೆ ನೆನಪಿರುವುದು ಅಷ್ಟೇ."

ಆನಿ ಅವನ ಮುಖದಲ್ಲಿ ಸುಳ್ಳನ್ನು ಹುಡುಕಿದಳು. ಸಿಕ್ಕಿದ್ದರೆ ಜಗಳವಾಡಬಹುದಿತ್ತು. ಅವನು ಸಿಹಿಯ ಡಬ್ಬಿ ತೆರೆದು ತಾನೇ ಒಂದು ತುಂಡು ಬಾಯಿಗೆ ಹಾಕಿಕೊಂಡ.

ಫೈನಲ್‌ಗೆ ಮೊದಲು ಚಾನೆಲ್ಲಿನವರು ಏವ್ರಿಲ್‌ಳನ್ನು ಊರಿಗೆ ಕರೆತಂದರು. ತೆರೆದ ಜೀಪು, ಬ್ಯಾಂಡು, ಹೂವು. ಗೇಟಿನ ಬಳಿ ತಾಯಿ ಮಗಳನ್ನು ಎದುರುಗೊಳ್ಳುವ ದೃಶ್ಯ ಅವರಿಗೆ ಬೇಕಿತ್ತು. ಕಿವಿಗೆ ವಯರು ಸಿಕ್ಕಿಸಿಕೊಂಡ ಮುಂಬಯಿಯ ಹುಡುಗಿಯೊಬ್ಬಳು ಆನಿಯ ಕೈ ಹಿಡಿದು ಮುದ್ದಾಗಿ ಕೇಳಿದಳು, "ಆಂಟಿ, ಒಂದೇ ಮಾತು. ‘ನಾನು ತಪ್ಪು ಮಾಡಿದೆ, ನನ್ನ ಮಗಳು ನನ್ನ ಹೆದರಿಕೆಯನ್ನು ಗೆದ್ದಳು.’ ಅಷ್ಟೇ ಸಾಕು."

"ಹೇಳುವುದಿಲ್ಲ" ಎಂದಳು ಆನಿ.

ಹುಡುಗಿ ಒತ್ತಾಯಿಸಲಿಲ್ಲ. ಕ್ಯಾಮೆರಾ ಸುಮ್ಮನೆ ಓಡುತ್ತಿತ್ತು. ಜೀಪಿನಿಂದಿಳಿದ ಮಗಳು ಬಂದು ಕುತ್ತಿಗೆಗೆ ಬಿದ್ದಾಗ ಆನಿಯ ಕಣ್ಣಲ್ಲಿ ನೀರು ಬಂತು. ಅಷ್ಟು ದಿನ ಮಗಳನ್ನು ಬಿಟ್ಟಿದ್ದವಳಲ್ಲ ಅವಳು. ವಾರದ ಕೊನೆಗೆ ಟೀವಿಯಲ್ಲಿ ಆ ಕಣ್ಣೀರನ್ನು ಹತ್ತಿರದಿಂದ ತೋರಿಸಿದರು. ಹಿಂದಿನಿಂದ ಗಂಭೀರ ಗಂಡು ದನಿಯೊಂದು ಹೇಳಿತು: ಮಾತಿಲ್ಲದೆ ಕ್ಷಮೆ ಕೇಳುತ್ತಿದ್ದಾಳೆ ತಾಯಿ.

ಏವ್ರಿಲ್ ಗೆದ್ದಳು. ಊರಿನ ಸರ್ಕಲ್ಲುಗಳಲ್ಲಿ ಫ್ಲೆಕ್ಸ್ ಎದ್ದವು. ಕೆಲವುಗಳಲ್ಲಿ ಮಗಳ ಪಕ್ಕ ನೀಲಿ ಕೋಟಿನ ಬೊನಿಫಾಸ್. ಬೈಕಂಪಾಡಿಯ ಕಾರ್ಖಾನೆಯವರ ಸಂಘವೊಂದು ಅವನನ್ನು ಮಹಿಳಾ ದಿನಾಚರಣೆಗೆ ಕರೆದು ಶಾಲು ಹೊದಿಸಿ, ಪೇಟ ಇಟ್ಟು, ಹಣ್ಣಿನ ಬುಟ್ಟಿ ಕೊಟ್ಟಿತು. ಹೆಣ್ಣುಮಕ್ಕಳ ಕನಸಿಗೆ ಅಡ್ಡ ಬರಬೇಡಿ ಎಂದು ಅವನು ಮಾತಾಡಿದ. ಚೆನ್ನಾಗಿಯೇ ಮಾತಾಡಿದ. ಮುಂದಿನ ಸಾಲಿನಲ್ಲಿದ್ದ ಆನಿಯತ್ತ ತಿರುಗಿ ಯಾರೋ ಹೆಂಗಸು, "ಇಂಥ ಗಂಡ ಸಿಗ್ಲಿಕ್ಕೆ ಪುಣ್ಯ ಬೇಕು" ಎಂದಳು. ಮನೆಗೆ ಬಂದ ಮೇಲೆ ಆ ಬುಟ್ಟಿಯ ಸೇಬುಗಳನ್ನು ಆನಿ ವಾಚ್‌ಮನ್‌ನ ಮಕ್ಕಳಿಗೆ ಕೊಟ್ಟುಬಿಟ್ಟಳು.

ಕ್ರಿಸ್ಮಸ್‌ಗೆ ಏವ್ರಿಲ್ ಬಂದಳು. ಬಾಗಿಲು ಹಾಕಿಕೊಂಡು ತಾಯಿಯ ಮಡಿಲಲ್ಲಿ ತಲೆ ಇಟ್ಟು ಅತ್ತಳು. "ನಾನು ಎಂತ ಮಾಡ್ಬೇಕು ಹೇಳು ಮಮ್ಮಿ, ಮಾಡ್ತೇನೆ."

"ನಾಳೆ ಪೇಪರಿನವರು ಬರ್ತಾರಲ್ಲ. ಇದ್ದದ್ದನ್ನು ಹೇಳು."

ಏವ್ರಿಲ್ ಎದ್ದು ಕೂತಳು. "ಒಂದು ವರ್ಷ ಶೋ ಬಗ್ಗೆ ಚಾನೆಲ್ಲಿನವರನ್ನು ಕೇಳದೆ ಎಂತದೂ ಹೇಳ್ಲಿಕ್ಕಿಲ್ಲ. ಕಾಂಟ್ರ್ಯಾಕ್ಟ್ ಉಂಟು."

"ವರ್ಷ ಆದ ಮೇಲೆ?"

"ಆಗ ಇದೆಲ್ಲ ಯಾರಿಗೆ ನೆನಪಿರ್ತದೆ ಮಮ್ಮಿ?"

"ನನಗಿರ್ತದೆ."

ಮರುದಿನ ಪೇಪರಿನವರು ಹಾಲ್‌ನಲ್ಲಿ ಕೂತಾಗ ಆನಿ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದಳು. ಶೋ ಬಗ್ಗೆ ಕೇಳಿ ಆದ ಮೇಲೆ ಒಬ್ಬರು ಸುಮ್ಮನೆ ವಿಚಾರಿಸಿದರು: "ಚಿಕ್ಕಂದಿನಲ್ಲಿ ಮೊದಲು ಹಾಡು ಕಲಿಸಿದ್ದು ಯಾರು?" ಆನಿ ನಲ್ಲಿ ನಿಲ್ಲಿಸಿದಳು. ಇದಕ್ಕೆ ಯಾವ ಕಾಂಟ್ರ್ಯಾಕ್ಟಿನ ತಡೆಯೂ ಇರಲಿಲ್ಲ. ಏವ್ರಿಲ್ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು. "ಎಲ್ಲ ಡ್ಯಾಡಿಯ ಸಪೋರ್ಟ್. ಡ್ಯಾಡಿ ಇಲ್ಲದಿದ್ರೆ ನಾನಿಲ್ಲ."

ಫೋಟೋಕ್ಕೆ ಕರೆದಾಗ ಆನಿ ಹೋಗಲಿಲ್ಲ. ಕೈ ಒದ್ದೆ ಉಂಟು ಎಂದಳು.

ಮಗಳು ಮುಂಬಯಿಗೆ ಮರಳಿದಳು. ಊಟ ಮಾಡಿದೆಯಾ, ಹುಷಾರಾ ಎಂದು ಆನಿ ಫೋನಿನಲ್ಲಿ ಕೇಳುತ್ತಿದ್ದಳು. ಹಾಡಿನ ಸುದ್ದಿ ಎತ್ತುತ್ತಿರಲಿಲ್ಲ. ಈಸ್ಟರಿಗೆ ಮೊದಲಿನ ಲೆಂಟ್ ಉಪವಾಸ ಶುರುವಾದ ಮೇಲೆ ಒಂದು ಸಂಜೆ, ಕ್ಲಾಸಿನ ಮಕ್ಕಳು ಒಳಕೋಣೆಯಲ್ಲಿ ಚಾಪೆಯ ಮೇಲೆ ಕಾಯುತ್ತಿದ್ದಾಗ ಏವ್ರಿಲ್‌ಳ ಫೋನ್ ಬಂತು. ದನಿಯಲ್ಲಿ ಅಳು ಇತ್ತು.

"ಮಮ್ಮಿ, ಮೊದಲ ಆಲ್ಬಮ್ಮಿನ ಹಾಡು, ನಾಳೆ ರೆಕಾರ್ಡಿಂಗ್. ಮೇಲಿನ ಸಾಲಿಗೆ ಹೋಗುವಾಗ ನನಗೆ ಉಸಿರೇ ಸಾಲುವುದಿಲ್ಲ. ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಸ್ವಲ್ಪ ಕೇಳು, ಎಲ್ಲಿ ತಪ್ತಾ ಉಂಟು ಹೇಳು."

ಏವ್ರಿಲ್ ಆ ಸಾಲನ್ನು ಹಾಡಿದಳು. ಹಿಂದಿನ ಪದದ ಕೊನೆಯನ್ನು ಅನಗತ್ಯವಾಗಿ ಎಳೆದು ಉಸಿರನ್ನು ಅಲ್ಲೇ ಖರ್ಚು ಮಾಡುತ್ತಿದ್ದಾಳೆ ಎಂದು ಆನಿಗೆ ಕೂಡಲೇ ತಿಳಿಯಿತು. ಚಿಕ್ಕಂದಿನಿಂದಲೂ ಇದ್ದ ಅಭ್ಯಾಸ. ಹೇಳಲು ಬಾಯಿ ತೆರೆದಳು.

"ಡ್ಯಾಡಿ ಇಲ್ಲೇ ಇದ್ದಾರೆ, ಕೊಡ್ತೇನೆ" ಎಂದಳು.

"ಮಮ್ಮಿ, ಬೇಡ, ಮಮ್ಮಿ..."

ಸೋಫಾದಲ್ಲಿ ಪೇಪರ್ ಓದುತ್ತಿದ್ದ ಬೊನಿಫಾಸ್‌ನ ಕೈಗೆ ಫೋನ್ ಇಟ್ಟು ಆನಿ ಒಳಕೋಣೆಗೆ ಹೋದಳು. ಮಕ್ಕಳು ಎದ್ದು ನಿಂತರು. ಕೂತುಕೊಳ್ಳಿ ಎಂದು ಕೈಸನ್ನೆ ಮಾಡಿ, ಬಾಗಿಲು ಎಳೆದುಕೊಂಡಳು.