ನಾಲ್ಕನೆಯವನಾಗಿ ರಾಯಪುರಕ್ಕೆ

ನಾನು ಒಂದು ಕ್ರೆಡಿಟ್ ಕಾರ್ಡು. ವೀಳ್ಯದೆಲೆಗಿಂತ ಚಿಕ್ಕವನು, ಅದಕ್ಕಿಂತ ಒಂದಿಷ್ಟು ದಪ್ಪ. ಯಾವ ಊರಿನಲ್ಲಿ ಹುಟ್ಟಿದೆನೋ ಗೊತ್ತಿಲ್ಲ. ದೊಡ್ಡ ಹಾಳೆಯೊಂದನ್ನು ಬಿಸಿ ಹಲಗೆಗಳ ನಡುವೆ ಒತ್ತಿದರು, ಹಪ್ಪಳ ಕತ್ತರಿಸಿದ ಹಾಗೆ ಕತ್ತರಿಸಿದರು, ಎಡಗಡೆ ಎದೆಗೆ ಹಳದಿ ಬಣ್ಣದ ಚಿಪ್ ಒಂದನ್ನು ಅಂಟಿಸಿದರು. ಮೈಮೇಲೆ ಒಂದು ಹೆಸರನ್ನು ಉಬ್ಬಿಸಿ ಅಚ್ಚು ಹಾಕಿದರು. ಅದನ್ನು ಓದಲು ನನಗೇ ಬರುವುದಿಲ್ಲ. ಬೇರೆಯವರು ಓದಿದ್ದನ್ನು ಕೇಳಿ ನೆನಪಿಟ್ಟುಕೊಂಡದ್ದಷ್ಟೇ ನನ್ನ ವಿದ್ಯೆ.

ಲಕೋಟೆಯೊಳಗೆ ಕತ್ತಲಲ್ಲಿ ಬಹಳ ದೂರ ಬಂದು, ಬೆಳಕು ಕಂಡಾಗ ಬಳ್ಳಾರಿಯಲ್ಲಿದ್ದೆ. ಜೀನ್ಸ್ ಹೊಲಿಯುವವರಿಗೆ ಜಿಪ್ಪು, ಗುಂಡಿ, ಹಿತ್ತಾಳೆ ಮೊಳೆ ಮಾರುವ ಒಂದು ಚಿಕ್ಕ ಅಂಗಡಿ ಅದು. ಯಜಮಾನ ಎರ್ರಿಸ್ವಾಮಿ. ಬ್ಯಾಂಕಿನವರು ಬೆನ್ನು ಬಿಡದೆ ಕೊಟ್ಟ ಕಾರ್ಡು ನಾನು. ಅವನ ಹೆಂಡತಿ ಹಂಪಮ್ಮ ನನ್ನನ್ನು ದೇವರ ಮುಂದೆ ಇಟ್ಟು ಅರಿಸಿನ ಕುಂಕುಮ ಹಚ್ಚಿದಳು. ಕುಂಕುಮ ಚಿಪ್ಪಿನ ಮೇಲೆಯೇ ಬಿತ್ತು. ಮೊದಲ ದಿನ ಯಂತ್ರ ನನ್ನನ್ನು ಒಪ್ಪಲೇ ಇಲ್ಲ. ಎರ್ರಿಸ್ವಾಮಿ ಅಂಗಿಯ ತುದಿಯಿಂದ ನನ್ನ ಎದೆ ಒರೆಸಿದ ಮೇಲೆ ಕುಂಯ್ ಅಂತು. ಅವತ್ತಿನಿಂದ ನಾನು ದುಡಿಯತೊಡಗಿದೆ.

ನನ್ನ ವಾಸ ಅವನ ಅಂಗಿಯ ಜೇಬು. ಅಲ್ಲಿಂದ ನೋಡಿದರೆ ಅವನ ಗದ್ದ, ಮೂಗಿನ ಹೊಳ್ಳೆ, ಸೀಲಿಂಗ್ ಫ್ಯಾನು. ಸಗಟು ವ್ಯಾಪಾರಿಗಳ ಹತ್ತಿರ ಗುಂಡಿ ತರುವಾಗ ನನ್ನನ್ನು ಯಂತ್ರಕ್ಕೆ ತಿಕ್ಕುತ್ತಿದ್ದ, ತಿಂಗಳ ಕೊನೆಗೆ ತಪ್ಪದೆ ಬ್ಯಾಂಕಿಗೆ ಕಟ್ಟುತ್ತಿದ್ದ. ಪ್ರತಿ ಸಲ ತಿಕ್ಕಿದಾಗಲೂ ಫೋನಿನಲ್ಲಿ ಏನೋ ಟಿಂಗ್ ಅನ್ನುತ್ತಿತ್ತು. ಅವನು ನೋಡದೆ ಅಳಿಸುತ್ತಿದ್ದ. ನನಗೆ ಪಾಯಿಂಟುಗಳು ಹುಟ್ಟುತ್ತಿವೆ ಎಂದು ಅದು ಹೇಳುತ್ತಿತ್ತಂತೆ. ನನ್ನ ಮಕ್ಕಳು ಹುಟ್ಟಿದ್ದು ನನಗೇ ಗೊತ್ತಿರಲಿಲ್ಲ. ಮೈ ಭಾರವಾಗಲಿಲ್ಲ, ಬಣ್ಣ ಬದಲಾಗಲಿಲ್ಲ. ಎಲ್ಲಿ ಹುಟ್ಟಿದವು, ಎಲ್ಲಿ ಮಲಗಿದವು, ಇವತ್ತಿಗೂ ನಾನರಿಯೆ.

ವರ್ಷಗಳು ಹೀಗೇ ಹೋದವು. ನನ್ನ ಅಂಚು ಸವೆಯಿತು. ಅವರ ಒಬ್ಬಳೇ ಮಗಳು ಸುಂಕಮ್ಮನನ್ನು ಕಬ್ಬಿಣದ ಕಾರ್ಖಾನೆಯ ವೆಲ್ಡರ್ ಮಾರೇಶನಿಗೆ ಕೊಟ್ಟು ಮದುವೆ ಮಾಡಿದರು. ಮದುವೆಯ ಸೀರೆಗಳಿಗೂ ನಾನೇ ಹೋಗಿದ್ದೆ. ಆಮೇಲೆ ಅವನಿಗೆ ರಾಯಪುರದಲ್ಲಿ ಕೆಲಸ ಸಿಕ್ಕಿತು, ಸುಂಕಿಯೂ ಹೋದಳು. ಅಲ್ಲಿ ಬಸುರಿಯಾದಳು.

ಐದು ತಿಂಗಳು ತುಂಬುವುದರೊಳಗೆ ಡಾಕ್ಟರು ಅವಳಿಗೆ ಹಾಸಿಗೆ ಬಿಟ್ಟು ಏಳಬೇಡ ಎಂದರು. ಏಳನೇ ತಿಂಗಳಿಗೆ ತವರಿಗೆ ಕರೆತಂದು ಹಸಿರು ಬಳೆ ಇಡಿಸಬೇಕಾದವಳು ಬರುವ ಹಾಗಿಲ್ಲ. ಎಂಟರಲ್ಲಿ ಬಳೆ ಇಡಿಸುವುದಿಲ್ಲ ಅವರ ಮನೆತನದಲ್ಲಿ. ತವರಿನವರೇ ಹೋಗಬೇಕು. ಆದರೆ ಹಂಪಮ್ಮನಿಗೆ ಬೆನ್ನು ಮೂಳೆಯ ಆಪರೇಷನ್ ಆಗಿತ್ತು. ಹೈದರಾಬಾದಿನವರೆಗೆ ಒಂದು ರಾತ್ರಿ ರೈಲಿನಲ್ಲಿ ಮಲಗಿ ಹೋದಾಳು, ಅದರಾಚೆ ಮತ್ತೊಂದು ಹಗಲು ರಾತ್ರಿ ಕುಲುಕಾಟ ಆಗದು. ವಿಮಾನಕ್ಕೆ ಹಾಕುವಷ್ಟು ರೊಕ್ಕ ಆ ವರ್ಷ ಅಂಗಡಿಯಲ್ಲಿ ಇರಲಿಲ್ಲ.

"ಫೋನಿನ್ಯಾಗ ನೋಡಿ ಅಕ್ಕಿಕಾಳು ಹಾಕಂದ್ರ ಹಾಕ್ತೀನಿ ಬಿಡು," ಎಂದು ಹಂಪಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ಮಗಳ ಕೈಗೆ ತಾನು ಬಳೆ ಇಡಿಸಲಾರೆನೇನೋ ಎಂಬ ಸಂಕಟ ಅದು. ಎರ್ರಿಸ್ವಾಮಿ ಜೇಬಿನ ಮೇಲೆ ಕೈ ಇಟ್ಟುಕೊಂಡ. ಕೆಳಗೆ ನಾನಿದ್ದೆ. ಅವನ ಎದೆ ಬಡಿಯುವುದು ನನ್ನ ಬೆನ್ನಿಗೆ ತಾಗಿತು.

ಪಕ್ಕದ ಅಂಗಡಿ ಶಾಹೀನಾಳದು. ಝೆರಾಕ್ಸ್ ತೆಗೆಯುವುದು, ರೈಲು ಬಸ್ಸಿನ ಟಿಕೆಟು ಮಾಡಿಕೊಡುವುದು ಅವಳ ಕಸುಬು. ಎರ್ರಿಸ್ವಾಮಿ ಹೈದರಾಬಾದಿನ ರೈಲು ಕೇಳಲು ಹೋದಾಗ ನನ್ನನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಅಣ್ಣಾ, ಈ ಕಾರ್ಡಿಂದು ಪಾಯಿಂಟ್ ಏನ್ ಮಾಡೀರಿ?"

"ಏನು ಪಾಯಿಂಟು?"

ಶಾಹೀನಾ ಅವನ ಫೋನು ಇಸಿದುಕೊಂಡು ನೋಡಿದಳು. "ಅಯ್ಯೋ ದೇವ್ರೇ! ಗುಡ್ಡ ಬಿದ್ದದಲ್ರೀ ಇಲ್ಲಿ. ಒಂದೂ ಮುಟ್ಟಿಲ್ಲ ನೀವು."

ಪಾಯಿಂಟುಗಳನ್ನು ವಿಮಾನ ಕಂಪನಿಗೆ ಕಳಿಸಿದರೆ ಅವು ಮೈಲುಗಳಾಗುತ್ತವೆ, ಮೈಲು ಕೊಟ್ಟರೆ ಸೀಟು ಕೊಡುತ್ತಾರೆ ಎಂದು ಅವಳು ಓದಿ ಹೇಳಿದಳು. ಎರಡು ಪಾಯಿಂಟಿಗೆ ಒಂದು ಮೈಲು. ಎರ್ರಿಸ್ವಾಮಿ ಬಾಯಿ ತೆರೆದುಕೊಂಡು ಕೇಳಿದ. ನಾನೂ ಕೇಳಿದೆ. ಅರ್ಥವಾಯಿತೆಂದರೆ ಸುಳ್ಳಾದೀತು.

"ಅಂದ್ರ ಗುಂಡಿ ತಂದಿದ್ದಕ್ಕ ವಿಮಾನ ಹತ್ತಿಸ್ತಾರಂತೀ?"

"ಹೂಂ ಅಣ್ಣಾ. ಇವತ್ತಿನ ಲೆಕ್ಕಕ್ಕ ಹೈದರಾಬಾದಿನಿಂದ ರಾಯಪುರಕ್ಕ ಮೂರು ಸೀಟು ಆಗ್ತಾವ. ಟ್ಯಾಕ್ಸ್ ಅಂತ ಚಿಲ್ರ ಕಟ್ಟಬೇಕು, ಅಷ್ಟೇ."

ಮೂರು ಸೀಟು! ಗಂಡ, ಹೆಂಡತಿ, ಬಳೆ ಇಡಿಸಬೇಕಾದ ಸೋದರತ್ತೆ. ಹೇಳಿ ಮಾಡಿಸಿದಂತಿತ್ತು. ಅವತ್ತೇ ಮಾಡಿಬಿಟ್ಟಿದ್ದರೆ ನನ್ನ ಕಥೆ ಇಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಸೋದರತ್ತೆ ಎಂದರೆ ಎರ್ರಿಸ್ವಾಮಿಯ ಅಕ್ಕ ಹುಲಿಗೆಮ್ಮ. ಸೊಂಟದಲ್ಲಿ ಎಲೆಅಡಿಕೆ ಸಂಚಿ, ಬಾಯಲ್ಲಿ ಮಾತು, ಎರಡೂ ಬರಿದಾಗದ ಹೆಂಗಸು. ಸುದ್ದಿ ಕೇಳಿ ಸಂಚಿಯ ದಾರ ಬಿಗಿದಳು.

"ಮೂರು ಮಂದಿ ಹೋಗಿ ಬಳಿ ಇಡಸ್ತೀರೇನು? ಶುಭಕ್ಕ ಮೂರು ಮಂದಿ ಹೋಗಬಾರದು, ಬುದ್ಧಿ ಎಲ್ಲಿ ಇಟ್ಟೀಯಪ್ಪಾ?"

"ಅಕ್ಕಾ, ವಿಮಾನದಾಗ ನೂರಾರು ಮಂದಿ ಇರ್ತಾರ. ನಾವು ಮೂರೇ ಮಂದಿ ಹೆಂಗ ಆಗ್ತೀವಿ?"

"ಅವರೇನು ನನ್ನ ಸೊಸಿಗೆ ಬಳಿ ಇಡಸಾಕ ಹೊಂಟಾರೇನು? ಮೊದಲನೇ ಬಸರು, ಅದೂ ಹಾಸಿಗಿ ಹಿಡದೈತಿ. ನಾಕು ಮಂದಿ ಆದ್ರ ಬರ್ತೀನಿ. ಇಲ್ಲಂದ್ರ ಬಳಿ ಕಟ್ಟಿ ಕೊಡ್ತೀನಿ, ನೀವೇ ಹೋಗ್ರಿ."

ಸೋದರತ್ತೆಯಿಲ್ಲದೆ ಬಳೆ ಹೇಗೆ? ಹಂಪಮ್ಮನೂ ಹೆದರಿದಳು. ನಾಲ್ಕನೆಯವನಾಗಿ ಹುಲಿಗೆಮ್ಮನ ಗಂಡ ಹುಲುಗಪ್ಪ ಬರುವುದೆಂದಾಯಿತು. ಅವನಿಗೊಂದು ಸೀಟಿಗೆ ಪಾಯಿಂಟು ಬೇಕು.

ಆಗ ನನ್ನ ಓಡಾಟ ಶುರುವಾಯಿತು. ಎರ್ರಿಸ್ವಾಮಿ ಬೀದಿಗೆಲ್ಲ ಹೇಳಿದ: ಏನಾದರೂ ಕೊಳ್ಳುವುದಿದ್ದರೆ ನನ್ನ ಕಾರ್ಡು ತಿಕ್ಕಿ, ರೊಕ್ಕ ನನಗೆ ಕೊಡಿ. ಬಳ್ಳಾರಿ ಬಿಸಿಲಿನಲ್ಲಿ ನಾನು ಕೈಯಿಂದ ಕೈಗೆ ಹೋದೆ. ಹೊಲಿಗೆ ಮನೆಯವರಿಗೆ ಇಸ್ತ್ರಿ ಪೆಟ್ಟಿಗೆ ಕೊಡಿಸಿದೆ. ಚಹಾದಂಗಡಿಯವನಿಗೆ ಫ್ರಿಜ್ಜು. ಯಾರದೋ ಮಾವನಿಗೆ ಹಲ್ಲಿನ ಸೆಟ್ಟು. ಆ ಮುದುಕ ಹೊಸ ಹಲ್ಲು ಹಾಕಿಕೊಂಡು ಮೊದಲು ನನ್ನನ್ನೇ ಕಚ್ಚಿ ನೋಡಿದ. ಗುರುತು ಇನ್ನೂ ಇದೆ. ಸಾಯಂಕಾಲ ಜೇಬಿಗೆ ಮರಳಿದರೆ ಎರ್ರಿಸ್ವಾಮಿ ಫೋನು ತೆಗೆದು ಪಾಯಿಂಟು ಬಂತೋ ಇಲ್ಲವೋ ನೋಡುವನು. ಬಂದಿರುತ್ತಿರಲಿಲ್ಲ. ಬಿಲ್ಲಾಗುವ ತನಕ ಬರುವುದಿಲ್ಲ ಅಂದಳು ಶಾಹೀನಾ. ಬಿಲ್ಲಾಗಲು ದಿನ ಹಿಡಿಯಿತು. ಅತ್ತ ಸುಂಕಿಗೆ ಏಳು ಬಿದ್ದು, ಏಳು ಕಳೆಯತೊಡಗಿತ್ತು.

ಕೊನೆಗೆ ನಾಲ್ವರಿಗಾಗುವಷ್ಟು ಸೇರಿತು. ಶಾಹೀನಾಳ ಅಂಗಡಿಯಲ್ಲಿ ಎಲ್ಲರೂ ಕೂತರು. ನನ್ನನ್ನು ಗಾಜಿನ ಮೇಲೆ ಇಟ್ಟರು.

"ಎರಡಕ್ಕ ಒಂದಾ?" ಹುಲಿಗೆಮ್ಮ ಮೂಗು ಮುರಿದಳು. "ಮೂರಕ್ಕ ಎರಡು ಮಾಡ್ಕೊ ಅನ್ನು. ಇಷ್ಟೊಂದು ಒಮ್ಮೆಲೇ ಕೊಡಾಕತ್ತೀವಿ."

"ಯಾರಿಗೆ ಅನ್ನಲಿ ಅಕ್ಕಾ? ಇಲ್ಲಿ ಮನಷ್ಯಾನೇ ಇಲ್ಲ," ಅಂದಳು ಶಾಹೀನಾ. "ನೋಡ್ರಿ, ಇದನ್ನ ಒತ್ತಿದ್ರ ಪಾಯಿಂಟು ವಾಪಸ್ ಬರಂಗಿಲ್ಲ. ಒತ್ತಲೇನು?"

ಒತ್ತಿದಳು. ನನಗೆ ಏನೋ ಆಗುತ್ತದೆ ಅಂದುಕೊಂಡಿದ್ದೆ. ಏನೂ ಆಗಲಿಲ್ಲ. ಇಷ್ಟು ವರ್ಷ ದುಡಿದದ್ದು ಒಂದು ಬೆರಳಿನಲ್ಲಿ ಹೊರಟುಹೋಯಿತು, ನನ್ನ ಮೈಗೆ ಒಂದು ಜುಮ್ಮೂ ಇಲ್ಲ.

ಫೋನಿನಲ್ಲಿ ಬ್ಯಾಂಕಿನ ಕಡೆ ನೋಡಿದರೆ ಸೊನ್ನೆ. ವಿಮಾನದ ಕಡೆ ನೋಡಿದರೂ ಸೊನ್ನೆ.

"ಎಲ್ಲಿ ಹೋದ್ವು?" ಅಂದ ಎರ್ರಿಸ್ವಾಮಿ.

"ದಾರ್‍ಯಾಗ ಅದಾವಣ್ಣ. ಮುಟ್ಟಾಕ ಒಂದಿಷ್ಟು ದಿನ ಬೇಕಂತ."

"ಅಲ್ಲಬೇ, ಫೋನಿನಾಗ ಕಳಿಸಿದ್ದು ದಾರ್‍ಯಾಗ ಹೆಂಗ ಇರ್ತಾವ? ಎತ್ತಿನಗಾಡ್ಯಾಗ ಹೊಂಟಾವೇನು?"

ಶಾಹೀನಾ ಬ್ಯಾಂಕಿಗೆ ಫೋನು ಹಚ್ಚಿದಳು. ಕಳಿಸಿಯಾಗಿದೆ ಅಂದರು. ವಿಮಾನದವರಿಗೆ ಹಚ್ಚಿದಳು. ಬಂದಿಲ್ಲ ಅಂದರು. ಇಬ್ಬರೂ ಬಹಳ ಮರ್ಯಾದೆಯಿಂದಲೇ ಹೇಳಿದರು. ಎರ್ರಿಸ್ವಾಮಿ ಆ ದಿನಗಳಲ್ಲಿ ನನ್ನನ್ನು ಆಗಾಗ ಜೇಬಿನಿಂದ ತೆಗೆದು ನೋಡುತ್ತಿದ್ದ, ನಾನೇ ಎಲ್ಲಾದರೂ ಬಚ್ಚಿಟ್ಟಿದ್ದೇನೋ ಅನ್ನುವ ಹಾಗೆ. ಹೇಳಲು ಬಾಯಿದ್ದರೂ ನಾನೇನು ಹೇಳಲಿ? ಹಂಪಮ್ಮ ಗೋಡೆಯ ಪಂಚಾಂಗದಲ್ಲಿ ಸುಂಕಿಗೆ ಎಂಟು ಬೀಳುವ ದಿನಕ್ಕೆ ಅರಿಸಿನದ ಬೊಟ್ಟು ಇಟ್ಟಿದ್ದಳು. ದಿನಾ ಅದರ ಮುಂದೆ ನಿಲ್ಲುವಳು.

ಮೈಲುಗಳು ಮುಟ್ಟಿದವು. ಆದರೆ ಅಷ್ಟರಲ್ಲಿ ಹಬ್ಬದ ದಿನಗಳು ಹತ್ತಿರ ಬಂದು ಸೀಟಿನ ದರ ಏರಿಬಿಟ್ಟಿತ್ತು. ಮೈಲಿಗೂ ದರ ಏರುತ್ತದೆಂದು ಯಾರಿಗೆ ಗೊತ್ತು? ಶಾಹೀನಾ ಲೆಕ್ಕ ಹಾಕಿದಳು, ಮತ್ತೆ ಹಾಕಿದಳು. ಮುಖ ಚಿಕ್ಕದಾಯಿತು.

"ಮೂರೇ ಆಗ್ತಾವಣ್ಣ. ಮ್ಯಾಲೆ ಒಂದಿಷ್ಟು ಉಳೀತಾವ, ಆದ್ರ ಸೀಟಿಗೆ ಸಾಲಂಗಿಲ್ಲ. ಇವತ್ತು ಮಾಡಲಿಲ್ಲಂದ್ರ ಇವೂ ಇರ್ತಾವೋ ಇಲ್ಲೋ."

"ಉಳಿದಿದ್ದು ತಿರುಗಿ ಕಾರ್ಡಿಗೆ ಬರ್ತಾವೇನು?"

"ಇಲ್ಲಣ್ಣ. ಅಲ್ಲೇ ಇರ್ತಾವ."

"ಅಲ್ಲೇ ಅಂದ್ರ ಎಲ್ಲಿ?"

ಅವಳು ಮೇಲಕ್ಕೆ ಕೈ ತೋರಿಸಿದಳು.

ಹುಲುಗಪ್ಪನಿಗೆ ಒಳಗೊಳಗೇ ಸಂತೋಷ. "ನಾನು ಮೊದಲಿಂದ ಒಲ್ಲೆ ಅಂದಿದ್ದೆ. ಮ್ಯಾಲಿಂದ ಬಿದ್ರ ಕಟ್ಟಿಗಿ ಖರ್ಚೂ ಉಳೀತೈತಿ ನಿಮಗ," ಎಂದು ಎದ್ದು ಹೋದ. ಹಂಪಮ್ಮ ಮಾತ್ರ ನಾದಿನಿಯ ಕೈ ಹಿಡಿದುಕೊಂಡಳು. ಬೇಡಿಕೊಳ್ಳಲಿಲ್ಲ, ಅಳಲಿಲ್ಲ. ಹಿಡಿದ ಕೈ ಬಿಡಲಿಲ್ಲ, ಅಷ್ಟೇ. ಹುಲಿಗೆಮ್ಮ ಎಲೆ ಅಗಿಯುವುದನ್ನು ನಿಲ್ಲಿಸಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಆ ಹೊತ್ತಿಗೇ ಅಂಚೆಯವನು ಒಂದು ಲಕೋಟೆ ತಂದು ಗಾಜಿನ ಮೇಲೆ ಇಟ್ಟ. ಅದರಲ್ಲಿ ಇನ್ನೊಬ್ಬ ನಾನು ಇದ್ದ. ಹೊಸ ಕಾರ್ಡು, ಫಳಫಳ ಹೊಳೆಯುವ ಮೈ. ನನ್ನ ಅವಧಿ ಮುಗಿದಿತ್ತಂತೆ. ನನ್ನ ಹಣೆಯ ಮೇಲೆಯೇ ಬರೆದಿತ್ತಂತೆ. ಓದಲು ಬಾರದವನಿಗೆ ಏನು ತಿಳಿದೀತು?

"ಹಳೇದನ್ನ ಕತ್ತರಿಸಿ ಒಗೀಬೇಕಣ್ಣ. ಯಾರ ಕೈಗಾದ್ರೂ ಸಿಕ್ರ ತಾಪತ್ರಯ," ಎಂದು ಶಾಹೀನಾ ಕತ್ತರಿ ತೆಗೆದಳು. ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ, ಇದ್ದಿದ್ದರೆ. ಹೆದರಿಕೆಗಿಂತ ಗೊಂದಲವೇ ಹೆಚ್ಚು. ಇಷ್ಟೆಲ್ಲ ಮಾಡಿದ್ದು ಏತಕ್ಕೆ, ಇವರು ಹೋಗುತ್ತಾರೋ ಇಲ್ಲವೋ, ಅದೂ ತಿಳಿಯದೆ ಹೋಗುವುದೇ?

"ತಡಿಬೇ," ಅಂದಳು ಹುಲಿಗೆಮ್ಮ.

ಎಲ್ಲರೂ ಅವಳ ಕಡೆ ನೋಡಿದರು.

"ನಮ್ಮವ್ವನ ಕಾಲದಾಗ ಮೂರು ಮಂದಿ ಹೊಂಟ್ರ ಉಡ್ಯಾಗ ಒಂದು ಕಲ್ಲು ಇಟ್ಕೊಂಡು ನಾಕು ಅಂತಿದ್ರು."

"ವಿಮಾನದಾಗ ಕಲ್ಲು ಒಯ್ದ್ರ ಪೊಲೀಸ್ರು ಹಿಡಿತಾರಕ್ಕಾ," ಅಂದ ಎರ್ರಿಸ್ವಾಮಿ.

"ಕಲ್ಲು ಯಾಕಬೇಕು? ಕಲ್ಲು ಏನ್ ದುಡದೈತಿ?" ಗಾಜಿನ ಮೇಲಿದ್ದ ನನ್ನನ್ನು ಎತ್ತಿಕೊಂಡಳು. "ಊರೆಲ್ಲ ತಿರುಗಿ ನಮಗ ಸೀಟು ತಂದಿದ್ದು ಇದು. ಮೈಮ್ಯಾಲೆ ಹೆಸರೈತಿ. ಅವಧಿ ಮುಗಿದೈತಿ ಅಂದ್ರ ವಯಸ್ಸಾಗೈತಿ ಅಂತ ತಾನೇ? ಹಿರೇರು ಒಬ್ರು ಜೊತೀಗೆ ಬಂದಂಗ ಆತು. ನಾಕು ಮಂದಿ. ಮಾಡವಾ ಟಿಕೀಟು."

ಶಾಹೀನಾ ನಗಲಿಲ್ಲ. ಕತ್ತರಿಯನ್ನು ಡ್ರಾಯರಿಗೆ ಹಾಕಿ ಟಿಕೆಟು ಮಾಡಿದಳು. ಹೊಸ ಕಾರ್ಡು ಎರ್ರಿಸ್ವಾಮಿಯ ಜೇಬಿಗೆ ಹೋಯಿತು. ನಾನು ಹುಲಿಗೆಮ್ಮನ ಸಂಚಿಗೆ, ಅಡಿಕೆ ಚೂರುಗಳ ನಡುವೆ.

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಸಂಚಿಯನ್ನು ಯಂತ್ರದೊಳಗೆ ತಳ್ಳಿದರು. ಅಡಕೊತ್ತು ಕಂಡು ತೆಗೆದಿಟ್ಟುಕೊಂಡರು.

"ಅಡಿಕಿ ಕತ್ತರಸೋದಪ್ಪ, ನಿನ್ನ ಮೂಗು ಕತ್ತರಸೋದಲ್ಲ!" ಎಂದು ಅವಳು ಜಗಳ ತೆಗೆದಳು. ಅವರಿಗೆ ಕನ್ನಡ ತಿಳಿಯಲಿಲ್ಲ. ನನ್ನನ್ನು ಹೊರತೆಗೆದು ಎರಡೂ ಕಡೆ ನೋಡಿ, ಸುಣ್ಣ ಮೆತ್ತಿದ ಬೆರಳನ್ನು ಒರೆಸಿಕೊಂಡು ವಾಪಸು ಹಾಕಿದರು. ವಿಮಾನದಲ್ಲಿ ಸಾಲಿಗೆ ಮೂರು ಸೀಟು. ಹಂಪಮ್ಮ ನಡುವೆ ಕೂತು ಬಳೆಯ ಪೆಟ್ಟಿಗೆಯನ್ನು ತೊಡೆಯ ಮೇಲೆ ಅಪ್ಪಿಕೊಂಡಿದ್ದಳು. ನೆಲ ಬಿಟ್ಟಾಗ ಹುಲಿಗೆಮ್ಮ ಸಂಚಿಯನ್ನು ಹಿಂಡಿ ಹಿಡಿದಳು. ನನ್ನ ಮೂಲೆ ಅವಳ ಅಂಗೈಗೆ ಚುಚ್ಚಿರಬೇಕು. ಆದರೂ ಸಡಿಲ ಮಾಡಲಿಲ್ಲ.

ರಾಯಪುರದ ಮನೆಯ ಹೊಸ್ತಿಲಲ್ಲಿ ಮಾರೇಶ ನೀರಿನ ತಂಬಿಗೆ ಹಿಡಿದು ನಿಂತಿದ್ದ. "ಎಷ್ಟು ಮಂದಿ ಬಂದ್ರಿ ಅತ್ತಿ?" ಎಂದು ಒಳಗಿನಿಂದ ಸುಂಕಿ ಕೂಗಿದಳು. ಅವಳಿಗೂ ಅದೇ ಭಯವಿತ್ತು ಕಾಣುತ್ತದೆ.

"ನಾಕು ಮಂದಿ ತಾಯಿ," ಅಂದಳು ಹುಲಿಗೆಮ್ಮ.

ಬಳೆ ಇಡಿಸುವಾಗ ನನ್ನನ್ನು ಕಲಶದ ಪಕ್ಕ ಇಟ್ಟರು. ಹಂಪಮ್ಮ ಮಗಳ ಬೆರಳುಗಳನ್ನು ಒಟ್ಟುಗೂಡಿಸಿ ಹಿಡಿದಳು, ಸೋದರತ್ತೆ ಬಳೆ ಏರಿಸಿದಳು. ಆಮೇಲೆ ಕುಂಕುಮ ಹಚ್ಚುವಾಗ ಹಂಪಮ್ಮ ನನಗೂ ಹಚ್ಚಿದಳು. ಮತ್ತೆ ಚಿಪ್ಪಿನ ಮೇಲೆಯೇ. ಈ ಸಲ ಯಾರೂ ಒರೆಸಲಿಲ್ಲ.

ಎರ್ರಿಸ್ವಾಮಿಯೂ ಹುಲಿಗೆಮ್ಮನೂ ರೈಲಿನಲ್ಲಿ ಊರಿಗೆ ಮರಳಿದರು. ಹಂಪಮ್ಮ ಹೆರಿಗೆಗೆ ಉಳಿದಳು, ನಾನೂ ಉಳಿದೆ. ಈಗ ನನ್ನ ಜಾಗ ಖಾಲಿ ಬಳೆಪೆಟ್ಟಿಗೆ. ಒಡೆದ ಒಂದೆರಡು ಹಸಿರು ಚೂರು ನನ್ನ ಜೊತೆಗಿವೆ. ಸುಂಕಿಯ ಮಗಳಿಗೆ ಹಲ್ಲು ಬರುತ್ತಿವೆ. ಅತ್ತಾಗ ನನ್ನನ್ನು ತೊಳೆದು ಅದರ ಕೈಗೆ ಕೊಡುತ್ತಾರೆ. ಆ ಮುದುಕ ಕಚ್ಚಿದ ಗುರುತಿನ ಪಕ್ಕದಲ್ಲೇ ಇದೂ ಕಚ್ಚುತ್ತದೆ.

ಉಳಿದುಹೋದ ಆ ಒಂದಿಷ್ಟು ಮೈಲು ಎಲ್ಲಿವೆಯೋ ಎಂದು ಆಗಾಗ ಯೋಚಿಸುತ್ತೇನೆ. ಸೀಟಿಗೆ ಸಾಲದವು, ಮನೆಗೆ ಮರಳದವು. ಶಾಹೀನಾ ಕೈ ತೋರಿಸಿದ ಕಡೆ ಇನ್ನೂ ತಿರುಗುತ್ತಿರಬಹುದು. ಪಾಯಿಂಟು ಎಂದರೆ ಏನು, ಅದು ಮೈಲಾಗುವುದು ಹೇಗೆ, ಯಾರಾದರೂ ನಿಧಾನವಾಗಿ ಹೇಳಿದರೆ ಈಗಲೂ ಕೇಳಲು ತಯಾರಿದ್ದೇನೆ. ಯಾರೂ ಹೇಳುವುದಿಲ್ಲ. ಮಗು ಮಾತ್ರ ನನ್ನನ್ನು ಬಾಯಿಂದ ತೆಗೆದು, ತಿರುಗಿಸಿ ನೋಡಿ, ಮತ್ತೆ ಬಾಯಿಗಿಟ್ಟುಕೊಳ್ಳುತ್ತದೆ. ಅದಕ್ಕೂ ಓದಲು ಬರುವುದಿಲ್ಲ.